ಹೊಸ ಕೈ ಬೇಡ, ಸೌಟೇ ಇರಲಿ

ರೀ,

ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣಿ.

ಕೃತಕ ಕೈ ಹಾಕಿಕೊಂಡೇ ಹೊಲಿಯುತ್ತೇನೆ ಅಂತ ಎಂಟು ದಿನದಿಂದ ಹೇಳುತ್ತಿದ್ದೀರಿ. ನನಗೆ ಮೊದಲ ದಿನವೇ ಅನುಮಾನ ಬಂತು. ಬೆಳಗಿನಿಂದ ಸಂಜೆವರೆಗೆ ಹೊಲಿಗೆ ಮಷಿನ್ ಮುಂದೆ ಕೂತವರ ಆ ಹೊಸ ಕೈಗೆ ಒಂದು ತೊಟ್ಟು ಎಣ್ಣೆಯೂ ಅಂಟಿಲ್ಲ ಅಂದರೆ ಯಾರು ನಂಬುತ್ತಾರೆ? ಸೋಮವಾರ, ನೀವು ದಿನಾ ಅಂಗಡಿಗೆ ಒಯ್ಯುವ ಅದರ ಡಬ್ಬಿಗೆ ಒಂದೆಳೆ ದಾರ ಸುತ್ತಿಟ್ಟೆ. ಬುಧವಾರವೂ ದಾರ ಹಾಗೇ ಇತ್ತು. "ಹೇಗಿದೆ ಹೊಸ ಕೈ?" ಅಂತ ಕೇಳಿದರೆ, "ತುಂಬಾ ಚೆನ್ನಾಗಿದೆ ಕಣೇ" ಅಂದಿರಿ, ನನ್ನ ಮುಖ ನೋಡದೆ.

ನಿನ್ನೆ ಕೆಲಸದಿಂದ ಬೇಗ ಹೊರಟು ನಿಮ್ಮ ಅಂಗಡಿಯ ಎದುರು ಮರೆಯಲ್ಲಿ ನಿಂತಿದ್ದೆ. ಕಳೆದುಹೋಯಿತು ಅಂತ ನಾನು ಹುಡುಕುತ್ತಿದ್ದ ಸೌಟಿನ ಹಿಡಿಯನ್ನು ಬಗ್ಗಿಸಿ, ಬೆಲ್ಟಿನಿಂದ ಮೊಣಕೈ ಕೆಳಗೆ ಬಿಗಿದುಕೊಂಡು, ಅದರಲ್ಲೇ ಬಟ್ಟೆ ಒತ್ತಿಹಿಡಿದು ಕಾಲರ್ ಹೊಲಿಯುತ್ತಿದ್ದಿರಿ. ಜೊತೆಗೆ ಶಿಳ್ಳೆ ಬೇರೆ! ಅಪಘಾತದಲ್ಲಿ ಕೈ ಹೋದ ಮೇಲೆ ನಿಮ್ಮ ಶಿಳ್ಳೆ ಕೇಳಿದ್ದು ಅದೇ ಮೊದಲು.

ಮನೆಗೆ ಬಂದು ಜಗಳ ತೆಗೆಯಬೇಕು ಅಂತಿದ್ದೆ. ಅಷ್ಟರಲ್ಲಿ ನೆನಪಾಯಿತು. ಕೃತಕ ಕೈ ಕೊಡುವ ಕೇಂದ್ರದಲ್ಲಿ ಆ ತಜ್ಞರು "ಯಾವುದು ಕೊಡೋಣಮ್ಮ?" ಅಂತ ಕೇಳಿದ್ದು ನನ್ನನ್ನು. "ನೋಡೋಕೆ ಚೆನ್ನಾಗಿರೋದು ಕೊಡಿ" ಅಂದವಳೂ ನಾನೇ. ಐದು ಬೆರಳಿದ್ದರೂ ಅದು ಒಂದು ಬಟ್ಟೆಯ ಅಂಚನ್ನೂ ಹಿಡಿಯುವುದಿಲ್ಲ. ನಾನು ಕೊಡಿಸಿದ ಕೈ ನಿಮಗೆ ಕೈಕೊಟ್ಟಿದೆ.

ಹೊಲಿಗೆಗೆ ಒದಗುವ ಕೈ ಕೇಳೋಣ, ಇವತ್ತು ಮೂರು ಗಂಟೆಗೆ ಕೇಂದ್ರಕ್ಕೆ ಬನ್ನಿ, ಸೌಟು ಕಟ್ಟಿಕೊಂಡೇ ಬನ್ನಿ. ಏನು ಹಿಡಿಯಬೇಕು, ಎಲ್ಲಿ ಜಾರುತ್ತದೆ, ಎಲ್ಲವನ್ನೂ ಆ ತಜ್ಞರಿಗೆ ನೀವೇ ಹೇಳಿ. ನಾನು ಬಾಯಿ ಹಾಕುವುದಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಆದರೆ ಒಳಗೆ ಸುಮ್ಮನೆ ತಲೆಯಾಡಿಸಿ ಎದ್ದುಬಂದಿರೋ, ನಿಮ್ಮ ಮುಖ ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ.