ಆಷಾಢದ ರೇಟು

ತ್ಯಾಗರಾಜನಗರ
ಆಷಾಢದ ಮೊದಲ ಶುಕ್ರವಾರ

ಜಯನಗರದ ಟ್ರಾವೆಲ್ಸ್‌ನ ಸುಮೇಧ ಅವರಿಗೆ ನಮಸ್ಕಾರ.

ನಾನು ವಿಷ್ಣುವಿನ ತಾಯಿ. ಹೋದ ವರ್ಷ ನೀವು, "ಆಷಾಢದಲ್ಲಿ ಯಾರೂ ಬುಕ್ ಮಾಡಲ್ಲ ಆಂಟಿ, ಅದಕ್ಕೇ ಕ್ರೂಸ್ ರೇಟು ಕಮ್ಮಿ. ದಸರಾ ರಜಕ್ಕೆ ಈಗ್ಲೇ ಮಾಡ್ಬಿಡಿ" ಎಂದಿರಿ. ಶುಭಕ್ಕೆ ಶ್ರಾವಣ ಬರಲಿ ಎಂದು ತಡೆದವಳು ನಾನು. ಶ್ರಾವಣದಲ್ಲಿ ದರ ದುಪ್ಪಟ್ಟಾಯಿತು. ಮುಂದಿನ ವರ್ಷ ಹೋದರಾಯಿತು ಎಂದವಳೂ ನಾನೇ.

ಸೊಸೆ ಸಮನ್ವಿತಾ ಮಗುವಿಗೆ ತಂದಿದ್ದ ಈಜುಡುಗೆಯನ್ನು ಮಡಚಿ ಬೀರುವಿನಲ್ಲಿಟ್ಟಳು. ಡಾಕ್ಟರು ಅವಳಿಗೆ ಸಂಕ್ರಾಂತಿಯವರೆಗಷ್ಟೇ ಆಯುಷ್ಯ ಎಂದು ಆಗಲೇ ಹೇಳಿದ್ದರು. ನಾನು ನಂಬಿರಲಿಲ್ಲ, ಹರಕೆ ಹೊತ್ತಿದ್ದೆ. ಎಳ್ಳು ಬೀರುವ ಮೊದಲೇ ಹೋದಳು.

ಮೊನ್ನೆ ನೀವು ರಿಯಾಯಿತಿ ಹೇಳಲು ಮಾಡಿದ ಫೋನ್ ಎತ್ತಿದವಳು ಮೊಮ್ಮಗಳು ಇಂಚರ. ಎಷ್ಟು ಜನ ಎಂದು ನೀವು ಕೇಳಿದ್ದಕ್ಕೆ ನಾಲ್ಕು ಎಂದಳಂತೆ.

ಸೊಸೆಗೆ ವರ್ಷ ತುಂಬಿಲ್ಲ. ಆದರೂ ಶ್ರಾವಣಕ್ಕೆ ಕಾಯಬೇಡಿ, ಇವತ್ತೇ ಬುಕ್ ಮಾಡಿ. ಸಮುದ್ರ ಕಾಣುವ ಕಿಟಕಿಯಿರುವ ಕೋಣೆಯೇ ಬೇಕು. ಚೆಕ್ ಜೊತೆಗಿಟ್ಟಿದ್ದೇನೆ.

ನಾಲ್ಕನ್ನು ತಿದ್ದಿಕೊಳ್ಳಿ. ಮೂರು ಎಂದಲ್ಲ, ಎರಡು ಎಂದು ಬರೆಯಿರಿ, ಅಪ್ಪ ಮಗಳು ಇಬ್ಬರೇ. ವಿಷ್ಣು ನನ್ನ ಜೊತೆ ಮಾತು ಬಿಟ್ಟು ಆರು ತಿಂಗಳಾಯಿತು.

ಇತಿ,
ವಿಮಲಾ