ತಟ್ಟಿದರೆ ಬಿಡಬೇಕು

ಸ್ಟುಡಿಯೋ ಹಿಂದಿನ ರಸ್ತೆ, ಮಹಡಿ ಮನೆ
ಮಂಗಳವಾರ, ಹನ್ನೊಂದನೇ ತಾರೀಖು, ಬೆಳಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿ ಹೇಗಿದೆ? ಚಳಿ ಶುರುವಾದದ್ದು ಎಲ್ಲರಿಗಿಂತ ಮೊದಲು ನಿನ್ನ ಮಂಡಿಯೊಳಗಿನ ಸರಳಿಗೇ ಗೊತ್ತಾಗುತ್ತೆ ಅಂತ ಅತ್ತಿಗೆ ಹೇಳಿದ್ದರು. ಅವರು ಎಣ್ಣೆ ಹಚ್ಚುತ್ತೀನಿ ಅಂದರೆ ಹಚ್ಚಿಸಿಕೋ, ಬಿಗುಮಾನ ಬೇಡ. ಅಮ್ಮ ಮಾತ್ರೆ ನುಂಗುತ್ತಿದ್ದಾಳಾ, ಇಲ್ಲ ನಾಲಗೆ ಕೆಳಗೆ ಅಡಗಿಸಿಟ್ಟುಕೊಂಡು ಹೂವಿನ ಕುಂಡಕ್ಕೆ ಉಗುಳುತ್ತಿದ್ದಾಳಾ? ಕುಂಡದ ಗಿಡ ಜೋರಾಗಿ ಬೆಳೆದಿದ್ದರೆ ಅನುಮಾನ ಪಡು. ಸೇತುವೆ ಮೇಲಿಂದ ಕಾರು ಹಾರಿಸುತ್ತಿದ್ದ ಮನುಷ್ಯ ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಕೂತು ‘ಕ್ಲಚ್ ಮೆಲ್ಲಗೆ ಬಿಡಿ’ ಅಂತ ಹೇಳಿಕೊಡುವುದನ್ನು ನೆನೆಸಿಕೊಂಡರೆ ನನಗೆ ನಗು ಬರುತ್ತೆ. ಸದ್ಯಕ್ಕೆ ನಗಬೇಡ ಅಂದಿದ್ದಾರೆ ಡಾಕ್ಟರು. ಯಾಕೆ ಅಂತ ಬರೆಯುತ್ತೀನಿ. ಗಾಬರಿಯಾಗದೆ, ಕೂತುಕೊಂಡು ಓದು.

ನೀನು ಸಿನಿಮಾ ನೋಡುವುದನ್ನೇ ಬಿಟ್ಟವನು. ಈಗಿನ ಥ್ರಿಲ್ಲರುಗಳಲ್ಲಿ ಜನ ಹೇಗೆ ಸಾಯುತ್ತಾರೆ ಅಂತ ನಿನಗೆ ಗೊತ್ತಿರಲಾರದು. ಅಪ್ಪ ಫೈಟ್ ಮಾಸ್ಟರ್ ಆಗಿದ್ದ ಕಾಲದಲ್ಲಿ ಕೊಲೆ ಅಂದರೆ ಒಂದು ನೆರಳು. ಮೆಟ್ಟಿಲ ಮೇಲೆ ಬೂಟಿನ ಸದ್ದು, ಕೈಗವಸು ಹಾಕಿದ ಒಂದು ಕೈ, ಉರುಳಿ ಬೀಳುವ ದೀಪ, ಒಂದು ಚೀರಾಟ, ಅಷ್ಟೇ. ಎಣ್ಣೆಗೆ ಕಾಡಿಗೆ ಕಲಸಿದರೆ ರಕ್ತ ಆಯಿತು. ಜನ ಹೆದರಿ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಬಣ್ಣ ಬಂತು, ರಕ್ತ ಕೆಂಪಾಯಿತು, ಕಳ್ಳಸಾಗಣೆಯವರ ಅಡ್ಡೆ, ಗುಂಡಿ ಒತ್ತಿದರೆ ಸರಿಯುವ ಗೋಡೆ, ಹೊಡೆತಕ್ಕಿಂತ ಮೊದಲೇ ಬರುವ ಹೊಡೆತದ ಸದ್ದು. ನಿನ್ನ ಕಾಲಕ್ಕೆ ಕಾರು, ಗಾಜು, ಬೆಂಕಿ. ನಿನ್ನ ಮಂಡಿ ಹೋದದ್ದೂ ಆ ಲೆಕ್ಕದಲ್ಲೇ. ಅದರ ನಂತರ ಬಂದವನು ನಯವಾಗಿ ಮಾತಾಡುವ ಬುದ್ಧಿವಂತ ಕೊಲೆಗಾರ. ಹೆಣದ ಪಕ್ಕ ಒಂದು ಒಗಟು ಇಟ್ಟು ಹೋಗುತ್ತಿದ್ದ, ನಿದ್ದೆ ಬಾರದ ಪೊಲೀಸಿನವನು ಅದನ್ನು ಬಿಡಿಸುತ್ತಿದ್ದ. ಈಗ ಒಗಟೂ ಇಲ್ಲ. ಕೊಲೆಗಾರ ಗಂಡ, ಇಲ್ಲ ಪಕ್ಕದ ಮನೆಯವನು. ಜಾಗ ಅಡುಗೆಮನೆ. ಹಿನ್ನೆಲೆ ಸಂಗೀತ ಇಲ್ಲ, ಕ್ಯಾಮೆರಾ ಕಣ್ಣು ಮಿಟುಕಿಸುವುದಿಲ್ಲ. ಆಗ ಜನ ಕೊಂದವನು ಯಾರು ಅಂತ ಕಾಯುತ್ತಿದ್ದರು. ಈಗ ಅದು ಮೊದಲೇ ಗೊತ್ತು, ಹೇಗೆ ಕೊಲ್ಲುತ್ತಾನೆ ಅಂತ ಕಾಯುತ್ತಾರೆ. ಅದೂ ಒಬ್ಬೊಬ್ಬರೇ, ಕಿವಿಗೆ ವೈರು ಸಿಕ್ಕಿಸಿಕೊಂಡು, ಹಾಸಿಗೆಯಲ್ಲಿ ಮಲಗಿ. ಹಿಡಿದುಕೊಳ್ಳಲು ಪಕ್ಕದಲ್ಲಿ ಕೈ ಇಲ್ಲ.

ಇದನ್ನು ದೂರು ಅಂತ ಬರೆಯುತ್ತಿಲ್ಲ. ಹೊಸ ಬಗೆಯ ಕೆಲಸ ನನಗೆ ಇಷ್ಟವೇ ಆಗಿತ್ತು. ಹಾರುವುದು ಬೀಳುವುದು ಈ ವಯಸ್ಸಿಗೆ ಸಾಕಾಗಿದೆ. ಇಬ್ಬರು ಮನುಷ್ಯರು ಒಂದು ಸಣ್ಣ ಕೋಣೆಯಲ್ಲಿ ನಿಜವಾಗಿ ಹೇಗೆ ಹೊಡೆದಾಡುತ್ತಾರೆ, ಎಷ್ಟು ಬೇಗ ಏದುಸಿರು ಬರುತ್ತೆ, ಎಷ್ಟು ಕುರೂಪವಾಗಿ ಕಾಣುತ್ತೆ, ಅದನ್ನು ಕಟ್ಟುವುದರಲ್ಲಿ ಒಂದು ರುಚಿ ಇದೆ. ಈ ಸಿನಿಮಾಕ್ಕೆ ಫೈಟ್ ಕಟ್ಟಿದವಳೂ ನಾನೇ, ನಾಯಕಿಗೆ ಡೂಪ್ ನಿಂತವಳೂ ನಾನೇ. ದೃಶ್ಯ ಇಷ್ಟು: ಗಂಡ ಹಿಂದಿನಿಂದ ಬಂದು ಫೋನ್ ಚಾರ್ಜರಿನ ವೈರು ಹೆಂಡತಿಯ ಕುತ್ತಿಗೆಗೆ ಸುತ್ತುತ್ತಾನೆ, ಅವಳು ಒದ್ದಾಡಿ ಸಾಯುತ್ತಾಳೆ. ಎಲ್ಲೂ ಕಟ್ ಇಲ್ಲ. ನಾನು ಮೆತ್ತನೆಯ ರಬ್ಬರಿನ ವೈರು ಮಾಡಿಸಿ, ಜೋರಾಗಿ ಎಳೆದರೆ ಹಿಂದಿನಿಂದ ಬಿಟ್ಟುಕೊಳ್ಳುವ ಕೊಂಡಿ ಇಡಿಸಿದ್ದೆ. ಅಪ್ಪ ನಮಗೆ ಕಲಿಸಿದ್ದನ್ನೇ ಎಲ್ಲರಿಗೂ ಕಲಿಸಿದೆ. ಹೊಡೆಸಿಕೊಳ್ಳುವವಳೇ ಹೊಡೆತದ ಯಜಮಾನಿ. ಅಂಗೈಯಿಂದ ಒಲೆಕಟ್ಟೆಯ ಕಲ್ಲು ತಟ್ಟಿದರೆ ಎದುರಿನವನು ಆ ಕ್ಷಣ ಕೈ ಬಿಡಬೇಕು. ಯಾಕೆ ಏನು ಅಂತ ಆಮೇಲೆ ಕೇಳಬೇಕು. ಗಂಡನ ಪಾತ್ರದ ಹುಡುಗ ಸಾಧು ಸ್ವಭಾವದವನು. ಪ್ರತಿ ರಿಹರ್ಸಲ್ ಆದಮೇಲೂ ‘ಅಕ್ಕ, ನೋವಾಯ್ತಾ?’ ಅಂತ ಕೇಳುತ್ತಿದ್ದ.

ನಿರ್ದೇಶಕನಿಗೆ ಅದೇ ಹಿಡಿಸಲಿಲ್ಲ. ಸಣ್ಣ ವಯಸ್ಸು, ದೊಡ್ಡ ಕನ್ನಡಕ, ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ‘ಚೆನ್ನಾಗಿದೆ ಮೇಡಂ, ಆದ್ರೆ ಸುಳ್ಳು ಅಂತ ಗೊತ್ತಾಗುತ್ತೆ’ ಅಂದ. ಸುಳ್ಳೇ ಅಲ್ಲವಾ, ಅದಕ್ಕೇ ಅಲ್ಲವಾ ಸಂಬಳ ಕೊಡೋದು ಅಂದೆ. ನಕ್ಕು ಮಾನಿಟರ್ ಹಿಂದೆ ಹೋಗಿ ಕೂತ.

ಟೇಕ್ ಶುರುವಾಯಿತು. ಒಲೆಯ ಮುಂದೆ ನಿಂತಿದ್ದೆ. ವೈರು ಕುತ್ತಿಗೆಗೆ ಬಿದ್ದ ಕೂಡಲೇ ಇದು ನನ್ನದಲ್ಲ ಅಂತ ಗೊತ್ತಾಯಿತು. ರಬ್ಬರು ತಣ್ಣಗಿರುತ್ತೆ, ಜಾರುತ್ತೆ. ಇದು ಕೊಯ್ಯಿತು. ಹುಡುಗ ಎಳೆದ, ಕೊಂಡಿ ಬಿಡಲಿಲ್ಲ, ಯಾಕಂದರೆ ಕೊಂಡಿಯೇ ಇರಲಿಲ್ಲ. ಕಲ್ಲು ತಟ್ಟಿದೆ. ಅವನು ಇನ್ನೂ ಬಿಗಿದ. ಮತ್ತೆ ತಟ್ಟಿದೆ, ಅಂಗೈ ಉರಿಯುವ ಹಾಗೆ. ಸುತ್ತ ಅಷ್ಟು ಜನ, ಒಬ್ಬರೂ ಅಲ್ಲಾಡಲಿಲ್ಲ. ಮಾನಿಟರ್ ಹಿಂದೆ ಕೂತಿದ್ದ ನಿರ್ದೇಶಕ ಬೆರಳು ಎತ್ತಿ ಎಲ್ಲರನ್ನೂ ತಡೆದಿದ್ದ. ಅವನ ಕನ್ನಡಕದಲ್ಲಿ ನನ್ನ ಚಿತ್ರ ಸಣ್ಣದಾಗಿ ಒದ್ದಾಡುತ್ತಿತ್ತು. ಅಣ್ಣಾ, ಇಷ್ಟು ವರ್ಷ ಸಾಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ನಾನು. ನಿಜವಾಗಿ ಸಾಯುವಾಗ ಚೀರುವುದಕ್ಕೆ ಆಗುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಕಣ್ಣಿನ ಅಂಚಿಂದ ಒಳಗೆ ಕಪ್ಪು ತುಂಬಿಕೊಳ್ಳುತ್ತೆ, ಕಿವಿಯಲ್ಲಿ ಗೂಂ ಅನ್ನುತ್ತೆ, ಅಷ್ಟೇ.

ಆಮೇಲೆ ನಡೆದದ್ದು ಯಾರೂ ಕಟ್ಟಿದ ಫೈಟ್ ಅಲ್ಲ. ಆ ಹುಡುಗನ ಕಿರುಬೆರಳು ಸಿಕ್ಕಿತು, ಹಿಂದಕ್ಕೆ ಮಡಚಿದೆ, ಒಣಕಡ್ಡಿ ಮುರಿದ ಸದ್ದು ಬಂತು. ಅವನು ಕೂಗಿ, ನೋವಿನ ಭರದಲ್ಲಿ ನನ್ನ ತಲೆ ಹಿಡಿದು ಒಲೆಕಟ್ಟೆಯ ಅಂಚಿಗೆ ಚಚ್ಚಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ವೈರು ಮಾತ್ರ ಬಿಡಲಿಲ್ಲ. ಪಾತ್ರೆಯೆಲ್ಲ ರಬ್ಬರಿನವು, ಬಾಣಲೆಯೊಂದು ಮಾತ್ರ ನಿಜ. ಸದ್ದು ನಿಜ ಬೇಕು ಅಂತ ನಿರ್ದೇಶಕನೇ ತರಿಸಿದ್ದ. ಅದು ಕೈಗೆ ಸಿಕ್ಕಿತು. ಭುಜದ ಮೇಲಿಂದ ಹಿಂದಕ್ಕೆ ಬೀಸಿದೆ. ಅವನ ಕಿವಿಗೆ ತಾಗಿತು. ಮತ್ತೆ ಬೀಸಿದೆ. ಇಬ್ಬರೂ ನೆಲಕ್ಕೆ ಬಿದ್ದು, ನಾಯಿಗಳ ಹಾಗೆ ಕಚ್ಚಾಡಿದೆವು. ನಾನು ಅವನ ಮಣಿಕಟ್ಟು ಕಚ್ಚಿದ್ದು ನೆನಪಿದೆ, ಬಾಯಲ್ಲಿ ಉಪ್ಪು ತುಂಬಿದ್ದು ನೆನಪಿದೆ. ಅಷ್ಟರಲ್ಲಿ ಇಡೀ ಶೂಟಿಂಗ್ ಫ್ಲೋರ್ ಕತ್ತಲಾಯಿತು. ಮೇನ್ ಸ್ವಿಚ್ ಎಳೆದವನು ಅಪ್ಪನ ಕಾಲದ ನಮ್ಮ ಲೈಟಿನಣ್ಣ. ‘ಲೇ, ಸತ್ತೋಗ್ತಾಳೋ’ ಅಂತ ಕತ್ತಲಲ್ಲಿ ಕೂಗಿದ ಒಂದೇ ದನಿ ಅವನದು.

ಮತ್ತೆ ದೀಪ ಬಂದಾಗ ನಿರ್ದೇಶಕ ಚಪ್ಪಾಳೆ ತಟ್ಟುತ್ತಾ ಬಂದ. ‘ಅದ್ಭುತ ಮೇಡಂ. ಹೇಳಿದ್ದಿದ್ರೆ ಇದು ಬರ್ತಾನೇ ಇರ್ಲಿಲ್ಲ’ ಅಂದ. ನಾನು ಎದ್ದು ನಿಂತೆ. ಎದುರಿನವರ ಕೆನ್ನೆಯ ಹತ್ತಿರ ಬಂದಾಗ ನನ್ನ ಮುಷ್ಟಿಯನ್ನು ಹೇಗೆ ತಡೆಯಬೇಕು ಅಂತ ಚಿಕ್ಕಂದಿನಿಂದ ಕಲಿತವಳು, ಅವತ್ತು ತಡೆಯಲಿಲ್ಲ. ಮೂಗಿನ ಮೇಲೇ ಬಿತ್ತು. ಕನ್ನಡಕ ಎರಡು ತುಂಡು. ಅವನು ನೆಲದಲ್ಲಿ ಕೂತು ಕೈಗೆ ಬಂದ ರಕ್ತವನ್ನು ನೋಡುತ್ತಲೇ ಇದ್ದ. ಹೊಡೆದರೆ ನೋವಾಗುತ್ತೆ ಅನ್ನುವ ಸುದ್ದಿ ಅವನಿಗೆ ಅಲ್ಲಿಯವರೆಗೆ ಯಾರೂ ಮುಟ್ಟಿಸಿರಲಿಲ್ಲ ಅನ್ನಿಸಿತು. ಸಂತೋಷ ಆಯಿತಾ ಅಂತ ಕೇಳಿದರೆ, ಆಯಿತು. ಸುಳ್ಳು ಯಾಕೆ ಹೇಳಲಿ.

ಈಗ ಅವನು ಸಿನಿಮಾದವರ ಸಂಘಕ್ಕೆ ದೂರು ಕೊಟ್ಟಿದ್ದಾನೆ, ಫೈಟಿನವಳು ಕಾರಣವಿಲ್ಲದೆ ಕೈ ಮಾಡಿದಳು, ಇವಳಿಗೆ ಮುಂದೆ ಕೆಲಸ ಕೊಡಕೂಡದು ಅಂತ. ನಾನೂ ಕೊಟ್ಟಿದ್ದೇನೆ. ನಾನು ಎಲ್ಲಕ್ಕೂ ಒಪ್ಪಿದ್ದೆ ಅಂತ ಅವನ ವಾದ. ಆ ನಟ ಹುಡುಗ ಮನೆಗೆ ಬಂದಿದ್ದ, ಬೆರಳಿಗೆ ಪಟ್ಟಿ, ಕಿವಿ ಬದನೆಕಾಯಿ ಬಣ್ಣ. ಬಾಗಿಲಲ್ಲೇ ಕುಸಿದು ಅತ್ತ. ‘ಅಕ್ಕ, ವೈರು ಬದಲಾಯಿಸಿದ್ದು ನಿಮಗೆ ಗೊತ್ತಿದೆ ಅಂದ್ರು. ತಟ್ಟಿದ್ರೂ ಬಿಡಬೇಡ, ಅದೂ ನಟನೆಯೇ ಅಂದ್ರು’ ಅಂದ. ಇದನ್ನು ಸಂಘದ ಮುಂದೆ ಹೇಳುತ್ತೀಯಾ ಅಂತ ಕೇಳಿದ್ದಕ್ಕೆ ತಲೆ ತಗ್ಗಿಸಿ, ಇದು ನನ್ನ ಮೊದಲನೇ ಸಿನಿಮಾ ಅಕ್ಕ ಅಂದ. ಅವನ ಮೇಲೆ ಸಿಟ್ಟಿದೆ, ಅಯ್ಯೋ ಅಂತಲೂ ಅನ್ನಿಸುತ್ತೆ. ಎರಡೂ ಒಂದೇ ಹೊಟ್ಟೆಯಲ್ಲಿ ಹೇಗೆ ಇರುತ್ತವೋ. ಲೈಟಿನಣ್ಣ ಸಾಕ್ಷಿ ಹೇಳಲು ಬಂದೇ ಬರುತ್ತೀನಿ ಅಂದಿದ್ದಾನೆ. ಆದರೆ ಆ ಶಾಟ್ ಆಗಲೇ ಟೀಸರಿನಲ್ಲಿ ಬಂದುಬಿಟ್ಟಿದೆ, ನನ್ನ ಮುಖ ಕಾಣದ ಹಾಗೆ ಕತ್ತರಿಸಿ. ‘ಎಷ್ಟು ನಿಜ ಅನ್ಸುತ್ತೆ’ ಅಂತ ಜನ ಬರೆದಿದ್ದಾರೆ. ನಾನೂ ನೋಡಿದೆ. ನನ್ನ ಕೈ ಕಲ್ಲು ತಟ್ಟುವುದು ಚೆನ್ನಾಗಿ ಕಾಣುತ್ತೆ. ಅದರ ಅರ್ಥ ನೋಡಿದವರಿಗೆ ಗೊತ್ತಾಗುವುದಿಲ್ಲ. ನಿನಗೆ ಗೊತ್ತಾಗುತ್ತೆ, ಅದಕ್ಕೇ ನೀನು ನೋಡಬೇಡ.

ಅತ್ತಿಗೆಗೆ ನನ್ನ ನಮಸ್ಕಾರ. ಅವರು ಕಳಿಸಿದ ಉಣ್ಣೆಯ ಶಾಲು ಕುತ್ತಿಗೆಗೇ ಸುತ್ತಿಕೊಂಡಿದ್ದೇನೆ, ಬೆಚ್ಚಗಿದೆ ಅಂತ ಹೇಳು. ಅಮ್ಮನ ಕಾಲಿಗೆ ನನ್ನ ಲೆಕ್ಕದಲ್ಲಿ ಒಂದು ಸಲ ಬೀಳು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ಬುಗುರಿ

ಮರೆತ ಮಾತು: ಓದಿದ ಕೂಡಲೇ ಫೋನ್ ಮಾಡುತ್ತೀಯ ಅಂತ ಗೊತ್ತು. ಮಾಡಬೇಡ, ನನಗೆ ದನಿ ಇಲ್ಲ. ಗಂಟಲಿನೊಳಗೆ ಏನೋ ನಜ್ಜುಗುಜ್ಜಾಗಿದೆ; ದನಿ ಮತ್ತೆ ಬರಬಹುದು, ಬಾರದೆಯೂ ಇರಬಹುದು ಅನ್ನುತ್ತಾರೆ ಡಾಕ್ಟರು. ಮನೆಗೆ ಬಂದವರ ಹತ್ತಿರ ಸ್ಲೇಟಿನಲ್ಲಿ ಬರೆದು ಮಾತಾಡುತ್ತಿದ್ದೇನೆ. ಅಮ್ಮನಿಗೆ ಈಗಲೇ ತಿಳಿಸಬೇಡ. ಶುಕ್ರವಾರ ಸ್ಟುಡಿಯೋದೊಳಗಿನ ಸಂಘದ ಆಫೀಸಿನಲ್ಲಿ ವಿಚಾರಣೆ. ನನ್ನ ಹೇಳಿಕೆ ಬರೆದಿಟ್ಟಿದ್ದೇನೆ. ಯಾರಾದರೂ ಗಟ್ಟಿಯಾಗಿ ಓದಬೇಕಂತೆ, ಮನೆಯವರಾದರೂ ಆದೀತಂತೆ. ಆ ಸ್ಟುಡಿಯೋ ಗೇಟಿನೊಳಗೆ ಇನ್ನು ಕಾಲಿಡಲ್ಲ ಅಂತ ಹೇಳಿ ಹೋದವನು ನೀನು, ನನಗೆ ನೆನಪಿದೆ. ಆದರೂ ಬಾ. ಓದುವಾಗ ಮಧ್ಯದಲ್ಲಿ ನಿಲ್ಲಿಸಬೇಡ, ಆ ನಿರ್ದೇಶಕನ ಮುಖ ನೋಡಬೇಡ. ನಾನು ಪಕ್ಕದಲ್ಲೇ ಕೂತಿರುತ್ತೀನಿ.