ಅಪ್ಪ ಒಡೆಯಬಾರದ ಲಕೋಟೆ

ಅಪ್ಪಾ,

ಆಸ್ಪತ್ರೆಗೆ ಹೊರಟಿದ್ದೇನೆ. ಹನ್ನೊಂದರ ಹೊತ್ತಿಗೆ ಕೊರಿಯರ್‌ನವನು ನಾನು ಓದಿದ ವಿಶ್ವವಿದ್ಯಾಲಯದ ಲಕೋಟೆ ತರುತ್ತಾನೆ. ಸಹಿ ಹಾಕಿ ತೆಗೆದುಕೊಂಡು ಫ್ರಿಜ್ ಮೇಲಿಡು. ದಮ್ಮಯ್ಯ ಅಂತೀನಿ, ಒಡೆಯಬೇಡ!

ಹೋದ ಸಲ ನೀನು "ಮಗಳ ಮಾರ್ಕ್ಸ್ ನೋಡೋಣ ಅಂತ ತೆಗೆದೆ ಕಣೇ" ಅಂದೆ. ಸೀಲು ಹರಿದಿದ್ದಕ್ಕೆ ಪರವಾನಗಿ ಮಂಡಳಿಯ ಗುಮಾಸ್ತೆ ಅದನ್ನು ಮುಟ್ಟಲೂ ಇಲ್ಲ. "ಇನ್ನೊಂದು ತರಿಸಿ ಮೇಡಂ" ಅಂದಳು. ಅದಕ್ಕೆ ಏಳು ತಿಂಗಳು ಹಿಡಿಯಿತು. ಮಂಡಳಿಗೆ ಅರ್ಜಿ ಕೊಡಲು ನಾಳೆಯೇ ಕಡೆಯ ದಿನ.

ಹೊರದೇಶದಲ್ಲಿ ಆರು ವರ್ಷ ಮನಶ್ಶಾಸ್ತ್ರ ಓದಿ ಬಂದವಳು ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಟೋಕನ್ ಹರಿದು ಕೊಡುತ್ತಿದ್ದೇನೆ. ನಿನ್ನೆ ಒಬ್ಬ ತಾಯಿ ನನ್ನೆದುರೇ ಬಿಕ್ಕಿ ಬಿಕ್ಕಿ ಅತ್ತರು. ಪರವಾನಗಿ ಇಲ್ಲದ ನಾನು ಒಂದು ಲೋಟ ನೀರು ಕೊಟ್ಟು ಮುಂದಿನವರ ಟೋಕನ್ ಹರಿದೆ.

ಇನ್ನೊಂದು. ಪಕ್ಕದ ಮನೆಯವರ ಹತ್ತಿರ "ನಮ್ಮ ಹುಡುಗಿ ಡಾಕ್ಟ್ರು" ಅನ್ನುವುದನ್ನು ನಿಲ್ಲಿಸು. ಮೊನ್ನೆ ಅವರು ಮೊಣಕಾಲು ತೋರಿಸಲು ಬಂದಿದ್ದರು.

ಏನಾದರೂ ಓದದೆ ಇರಲಾಗದಿದ್ದರೆ, ಹೊರದೇಶದಲ್ಲಿ ನನಗೆ ತರಬೇತಿ ಕೊಟ್ಟ ಮೇಡಂ ಬರೆದ ಪತ್ರದ ನಕಲನ್ನು ನಿನ್ನ ಕನ್ನಡಕದ ಕೆಳಗೆ ಇಟ್ಟಿದ್ದೇನೆ. "ಎದುರಿಗಿರುವವರ ಮಾತು ಮುಗಿಯುವ ತನಕ ಕಾಯುವುದನ್ನು ಇವಳು ತಂದೆಯಿಂದ ಕಲಿತಿದ್ದಾಳೆ" ಎಂದಿದೆ. ಹಾಗಂತ ಅವರಿಗೆ ಹೇಳಿದವಳು ನಾನೇ.